ಸೈಕಲ್ ದಾರಿಯಲ್ಲಿ ದೊಡ್ಡಪ್ಪ

ಊಟದ ಮೇಜಿನ ಮೇಲೆ ಸೇತುವೆಯ ಮಾತು ಎತ್ತಬಾರದು, ಎತ್ತಿದವರು ಆ ವಾರವಿಡೀ ಪಾತ್ರೆ ತೊಳೆಯಬೇಕು ಎಂದು ನಮ್ಮ ಮನೆಯಲ್ಲಿ ಕಾನೂನು ಮಾಡಿದವಳು ನಾನೇ. ಮಾಡಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಒಂದು ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ನಾನು ದರ್ಜಿ. ಸೇತುವೆ ಇಳಿದ ಕೂಡಲೇ ಎಡಗಡೆಗೆ ಒಂದು ಪಂಕ್ಚರ್ ಅಂಗಡಿ, ಅದರ ಪಕ್ಕದ್ದು ನನ್ನದು. ನಮ್ಮವರು ನಗರದ ರಸ್ತೆ ಗುಡಿಸುವ ಯಂತ್ರದ ಚಾಲಕರು. ಅದೂ ಡಿಪೋದಲ್ಲೇ ಅತಿ ದೊಡ್ಡ ಯಂತ್ರದ್ದು. ಹೊಟ್ಟೆಯ ಕೆಳಗೆ ಎರಡು ದುಂಡು ಬ್ರಷ್ಷು, ಬೆನ್ನ ಮೇಲೆ ನೀರಿನ ಟ್ಯಾಂಕು, ಮುಂದೆ ಮನೆಯ ಕಿಟಕಿಗಿಂತ ದೊಡ್ಡ ಗಾಜು. ಡಿಪೋದವರೆಲ್ಲ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಾರೆ. ಇವರಿಗೆ ದೊಡ್ಡಪ್ಪನ ಮೇಲಿರುವ ಪ್ರೀತಿಯಲ್ಲಿ ಕಾಲು ಭಾಗ ನನ್ನ ಮೇಲಿದ್ದರೂ ನಾನು ಇಷ್ಟು ಬಾಯಿಬಡುಕಿ ಆಗುತ್ತಿರಲಿಲ್ಲವೇನೋ. ಇನ್ನು ಮಗಳು. ಒಬ್ಬಳೇ. ನಗರದ ರಸ್ತೆ ಇಲಾಖೆಯಲ್ಲಿ ಎಂಜಿನಿಯರ್. ಹಟದಲ್ಲಿ ಅಪ್ಪನನ್ನು ಹೋಲುತ್ತಾಳೆ ಎಂದು ನಾನು, ನನ್ನನ್ನು ಹೋಲುತ್ತಾಳೆ ಎಂದು ಅವರು. ಈ ವಿಷಯದಲ್ಲಿ ಇಬ್ಬರೂ ಸೋಲುವುದಿಲ್ಲ.

ಎರಡೂವರೆ ವರ್ಷದ ಹಿಂದೆ ಅವಳ ಕೈಗೆ ಸೇತುವೆಯ ಕೆಲಸ ಬಂತು. ಆರು ಲೇನುಗಳ ಸೇತುವೆ. ಎರಡೂ ಅಂಚಿನ ಒಂದೊಂದು ಲೇನನ್ನು ಕಾರುಗಳಿಂದ ಕಿತ್ತುಕೊಂಡು, ನಡುವೆ ಕಾಂಕ್ರೀಟಿನ ಕಟ್ಟೆ ಹಾಕಿ, ಸೈಕಲ್ಲಿನವರಿಗೆ ಬಿಟ್ಟುಕೊಡುವುದು. ತೊಂಬತ್ತು ದಿನ ಪರೀಕ್ಷೆ. ಚೆನ್ನಾಗಿ ನಡೆದರೆ ಉಳಿಯುತ್ತದೆ, ಇಲ್ಲವಾದರೆ ಕಟ್ಟೆ ಕಿತ್ತು ಮತ್ತೆ ಕಾರಿಗೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳು ಹೇಳಿದಳು, ನಮ್ಮವರು ಚಮಚ ಕೆಳಗಿಟ್ಟರು.

"ಸೇತುವೆ ಇರೋದು ಗಾಡಿ ಓಡೋಕೆ," ಅಂದರು.

"ಸೈಕಲ್ಲೂ ಗಾಡೀನೇ ಅಪ್ಪ."

"ಅದು ಗಾಡಿ ಅಂದ್ರೆ ನಿಮ್ಮಮ್ಮನ ಹೊಲಿಗೆ ಮಿಷನ್ನೂ ಗಾಡೀನೇ. ಅದಕ್ಕೂ ಚಕ್ರ ಇದೆ."

"ನೀನು ಬರೀ ಗಾಜಿನ ಒಳಗಿಂದ ಸೇತುವೆ ನೋಡಿದೀಯ. ಒಂದಿನ ಸೈಕಲ್ ಮೇಲೆ ಹೋಗಿ ನೋಡು, ಪಕ್ಕದಲ್ಲಿ ಲಾರಿ ಬಂದ್ರೆ ಜೀವ ಬಾಯಿಗೆ ಬರುತ್ತೆ."

"ಇಪ್ಪತ್ತೆರಡು ವರ್ಷದಿಂದ ಆ ಸೇತುವೇನ ನಾನು ಗುಡಿಸ್ತಾ ಇದೀನಿ. ನೀನು ನನಗೆ ಸೇತುವೆ ತೋರಿಸ್ತೀಯಾ?"

ಮೂರು ವಾರ ಹೀಗೇ ನಡೆಯಿತು. ದಿನಾ ಊಟ ಆರಿಹೋಗುತ್ತಿತ್ತು. ನಾನು ದಿನವಿಡೀ ಗಿರಾಕಿಗಳ ಸೊಂಟ ಅಳೆದು, "ಇಲ್ಲ, ನೀವು ದಪ್ಪ ಆಗಿಲ್ಲ, ಬಟ್ಟೆ ಕುಗ್ಗಿದೆ" ಎಂದು ಸುಳ್ಳು ಹೇಳಿ ಹೇಳಿ ಸುಸ್ತಾಗಿ ಬಂದರೆ, ಇಲ್ಲಿ ಇವರಿಬ್ಬರ ಹಾವು ಮುಂಗುಸಿ ಆಟ. ಕೊನೆಗೆ ಒಂದು ದಿನ ಮೇಜು ಗುದ್ದಿ ಕಾನೂನು ಹೊರಡಿಸಿದೆ. ಇಬ್ಬರಿಗೂ ಪಾತ್ರೆ ತೊಳೆಯುವುದೆಂದರೆ ಆಗದು. ಹಾಗಾಗಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ನಾನು ನಿಷೇಧಿಸಿದ್ದು ಸೇತುವೆಯನ್ನು ಮಾತ್ರ. ಅವರು ಎಲ್ಲವನ್ನೂ ನಿಲ್ಲಿಸಿದರು. "ಅಮ್ಮಾ, ಉಪ್ಪು ಕೊಡೋಕೆ ಅಪ್ಪಂಗೆ ಹೇಳು." "ಉಪ್ಪು ಅವಳ ಮೊಣಕೈ ಹತ್ರಾನೇ ಇದೆ ಅಂತ ಅವಳಿಗೆ ಹೇಳು." ನಡುವೆ ಕೂತ ನಾನು ಅಂಚೆ ಕಚೇರಿ. ಆದರೂ ನೆಮ್ಮದಿಯಾಗಿ ಉಂಡೆ, ಸುಳ್ಳು ಹೇಳುವುದಿಲ್ಲ. ಅವಳ ನಕ್ಷೆಗಳು ಮಾತ್ರ ತಿಂಗಳುಗಟ್ಟಲೆ ಅದೇ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ನಮ್ಮವರು ಬೆಳಿಗ್ಗೆ ಚಹಾ ಲೋಟವನ್ನು ಬೇಕೆಂದೇ ಸೇತುವೆಯ ಮೇಲೆ ಇಡುತ್ತಿದ್ದರು. ಹಾಗೆ ಒಂದೊಂದು ನಕ್ಷೆಯಲ್ಲೂ ನದಿಯ ನಡುವೆ ಕಂದು ಬಣ್ಣದ ಉಂಗುರ.

ಎರಡು ವರ್ಷ ಕಳೆದು ಸೈಕಲ್ ದಾರಿ ತೆರೆಯಿತು. ಹಸಿರು ಬಣ್ಣ ಬಳಿದ ನೆಲ, ಬೆಳ್ಳಗಿನ ಕಾಂಕ್ರೀಟ್ ಕಟ್ಟೆ. ಮೊದಲ ದಿನ ನಾನು ಅಂಗಡಿ ಮುಚ್ಚಿ ನೋಡಲು ಹೋದೆ. ಅಂಚೆ ಹಂಚುವಾಕೆ, ಶಾಲೆಯ ಮೇಷ್ಟ್ರು, ಹಿಂದಿನ ಬುಟ್ಟಿಯಲ್ಲಿ ನಾಯಿ ಕೂರಿಸಿಕೊಂಡ ಮುದುಕಿ, ಎಲ್ಲರೂ ಗಂಟೆ ಬಾರಿಸುತ್ತ ಹೋಗುತ್ತಿದ್ದರು. ಅವರ ಮುಖ ನೋಡಿ ನನ್ನ ಎದೆ ಉಬ್ಬಿತು. "ಇದನ್ನ ಮಾಡಿದ್ದು ನನ್ನ ಮಗಳು" ಎಂದು ಮೂರು ಜನಕ್ಕೆ ಹೇಳಿದೆ. ನಾಲ್ಕನೆಯವನು ಕಾರಿನವನು, ಅವನು ಏನೋ ಅಂದ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಮೂರನೆಯ ವಾರಕ್ಕೆ ಪಂಕ್ಚರ್ ಅಂಗಡಿಯವನು ತನ್ನ ಅಂಗಡಿಗೆ ಹೊಸ ಬಣ್ಣ ಬಳಿದ. ನಾಲ್ಕನೆಯ ವಾರಕ್ಕೆ ಬಂದು ನನಗೊಂದು ಸೈಕಲ್ ಗಂಟೆ ಉಡುಗೊರೆ ಕೊಟ್ಟ.

"ನನ್ನತ್ರ ಸೈಕಲ್ಲೇ ಇಲ್ವಲ್ಲೋ," ಅಂದೆ.

"ಇರ್ಲಿ ತಗೊಳ್ಳಿ ಅಕ್ಕ. ನಿಮ್ಮ ಮಗಳ ಕೈಗುಣ. ಇಡೀ ಜನ್ಮದಲ್ಲಿ ಇಷ್ಟು ಪಂಕ್ಚರ್ ನೋಡಿರ್ಲಿಲ್ಲ."

ಗಂಟೆಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟೆ. ನೆಟ್ಟಗೆ ಸೇತುವೆಗೆ ಹೋದೆ. ಹಸಿರು ನೆಲ ಕಾಣುತ್ತಲೇ ಇರಲಿಲ್ಲ. ಕಾರುಗಳ ಗಾಳಿಗೆ ಹಾರಿದ ಮರಳು, ಜಲ್ಲಿ, ಒಡೆದ ಗಾಜು ಎಲ್ಲ ಕಟ್ಟೆ ದಾಟಿ ಸೈಕಲ್ ದಾರಿಗೆ ಬಂದು ಕೂತಿತ್ತು. ಮೊದಲಾದರೆ ಅಂಚಿನಲ್ಲಿ ದೊಡ್ಡಪ್ಪ ಬಂದು ನುಂಗಿಕೊಂಡು ಹೋಗುತ್ತಿದ್ದ. ಈಗ ಅವನು ಕಟ್ಟೆಯ ಆಚೆ, ಕಸ ಈಚೆ. ಅಂಚೆಯಾಕೆ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದಳು. ನನ್ನನ್ನು ನೋಡಿ, "ನಿಮ್ಮ ಮಗಳಿಗೆ ನನ್ನ ನಮಸ್ಕಾರ ತಿಳಿಸಿ," ಅಂದಳು. ನಮಸ್ಕಾರ ಮಾಡುವ ಮುಖ ಅದಾಗಿರಲಿಲ್ಲ.

ನಾನು ಬಗ್ಗಿ ಕೈಗೆ ಸಿಕ್ಕಿದ್ದನ್ನು ಆಯ್ದೆ. ಗುಂಡಿ ಇಡುವ ಡಬ್ಬಿ ಚೀಲದಲ್ಲಿತ್ತು, ಹತ್ತು ಹೆಜ್ಜೆಗೆ ತುಂಬಿಹೋಯಿತು. ಆಮೇಲೆ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ದಾರಿಯ ಅಗಲ ಹಿಡಿದೆ. ದರ್ಜಿಯ ಟೇಪು ಅರವತ್ತು ಇಂಚು. ಒಂದು ಟೇಪು, ಮೇಲೆ ಹತ್ತೊಂಬತ್ತು ಇಂಚು. ಅಲ್ಲಿಂದ ಡಿಪೋಗೆ ನಡೆದು, ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿದ್ದ ದೊಡ್ಡಪ್ಪನ ಎದೆಯ ಸುತ್ತಳತೆ ಅಲ್ಲ, ಅಗಲ ಹಿಡಿದೆ. ಒಂದು ಟೇಪು, ಮೇಲೆ ಮೂವತ್ತು ಇಂಚು. ಚಾಲಕರೆಲ್ಲ ಊಟ ಬಿಟ್ಟು ನೋಡುತ್ತಿದ್ದರು. ಒಬ್ಬ, "ಏನಕ್ಕಾ, ದೊಡ್ಡಪ್ಪಂಗೆ ಅಂಗಿ ಹೊಲಿತೀರಾ?" ಅಂದ. ನನಗೆ ನಗು ಬರಲಿಲ್ಲ. ಹನ್ನೊಂದು ಇಂಚು ಕಡಿಮೆ.

ಹನ್ನೊಂದು ಇಂಚು ಅಂದರೆ ದರ್ಜಿ ಬದುಕಿನಲ್ಲಿ ತಪ್ಪಲ್ಲ, ಅಪರಾಧ. ಒಂದೂವರೆ ಇಂಚು ತಪ್ಪಿದವಳನ್ನು ನಾನು ಕೆಲಸದಿಂದ ಬಿಡಿಸಿದ್ದೇನೆ.

ಅವತ್ತು ಊಟಕ್ಕೆ ಕೂತಾಗ ಡಬ್ಬಿಯನ್ನು ಮೇಜಿನ ನಡುವೆ ಸುರಿದೆ. ಗಾಜಿನ ಚೂರು, ಮೊಳೆ, ಬೋಲ್ಟು, ಅರ್ಧ ಬಾಚಣಿಗೆ, ಯಾರದೋ ಕನ್ನಡಕದ ಒಂದು ಕಾಲು.

"ಈ ವಾರ ಪಾತ್ರೆ ನಾನು ತೊಳಿತೀನಿ," ಅಂದೆ. "ಈಗ ಸೇತುವೆ ಮಾತು. ದಾರಿ ಎಪ್ಪತ್ತೊಂಬತ್ತು ಇಂಚು. ದೊಡ್ಡಪ್ಪ ತೊಂಬತ್ತು. ಇದನ್ನ ಗುಡಿಸೋದು ಯಾರು?"

ಮಗಳ ಕಣ್ಣು ಕೆಳಗಾಯಿತು. ಅವಳಿಗೆ ಗೊತ್ತಿತ್ತು, ಎರಡು ವಾರದಿಂದ ಗೊತ್ತಿತ್ತು. "ಡಿಪೋದ ಪಟ್ಟೀಲಿ ಒಂದು ಚಿಕ್ಕ ಮಿಷನ್ ಇದೆ ಅಮ್ಮಾ. ಅದನ್ನ ನೋಡೇ ಅಗಲ ಇಟ್ಟಿದ್ದು. ಕಳಿಸಿ ಅಂತ ಬರೆದೆ. ಯಾವ ಚಾಲಕರನ್ನೂ ಅದರ ಮೇಲೆ ಕಳಿಸೋ ಹಾಗಿಲ್ಲ ಅಂತ ಉತ್ತರ ಬಂತು. ಇಲ್ಲಿವರೆಗೆ ಇನ್ನೂರ ಹದಿನೇಳು ದೂರು ಬಂದಿದೆ. ಹೀಗೇ ಹೋದ್ರೆ ತೊಂಬತ್ತನೇ ದಿನ ಕಟ್ಟೆ ಕೀಳ್ತಾರೆ."

ಆ ಚಿಕ್ಕ ಯಂತ್ರ ನನಗೂ ಗೊತ್ತು. ಅದರ ಹೆಸರು ಚಿಕ್ಕಪ್ಪ. ಸಂತೆಕಟ್ಟೆಯ ಒಳಗೆ, ಆಸ್ಪತ್ರೆಯ ಅಂಗಳದಲ್ಲಿ ಗುಡಿಸಲಿಕ್ಕೆಂದು ತಂದದ್ದು. ನಡೆಯುವವರೂ ಅದನ್ನು ಹಿಂದೆ ಹಾಕುತ್ತಾರೆ. ಒಳಗೆ ಕೂತರೆ ಮಂಡಿ ಗದ್ದಕ್ಕೆ ಬಡಿಯುತ್ತದೆ. ಅದರಲ್ಲಿ ಕೂತವನನ್ನು ನೋಡಿ ಡಿಪೋವೇ ಹೊಟ್ಟೆ ಹುಣ್ಣಾಗುವಂತೆ ನಗುತ್ತದೆ. ಹಿಂದೊಮ್ಮೆ ಚಾಲಕರೆಲ್ಲ ಸೇರಿ ಗಲಾಟೆ ಮಾಡಿ, ಶಿಕ್ಷೆಗಲ್ಲದೆ ಬೇರೆ ಯಾವ ಕಾರಣಕ್ಕೂ ಚಿಕ್ಕಪ್ಪನ ಮೇಲೆ ಚಾಲಕರನ್ನು ಕೂರಿಸುವಂತಿಲ್ಲ ಎಂದು ಲಿಖಿತ ಒಪ್ಪಂದ ಮಾಡಿಸಿದರು. ಆ ಗಲಾಟೆಯ ಮುಖಂಡ ಯಾರು ಎಂದು ಕೇಳಬೇಡಿ. ನಮ್ಮ ಮೇಜಿನ ಎದುರು ಕೂತು ಬ್ರೆಡ್ಡು ಮುರಿಯುತ್ತಿದ್ದರು.

"ರೀ," ಅಂದೆ, "ನಿಮಗೆ ಇದು ಯಾವಾಗ ಗೊತ್ತಾಯ್ತು?"

ಬ್ರೆಡ್ಡು ತಟ್ಟೆಗಿಟ್ಟರು. ಆಮೇಲೆ ಮೇಜಿನ ಅಂಚಿನಲ್ಲಿದ್ದ ನಕ್ಷೆಯೊಂದನ್ನು ಎಳೆದು, ಚಹಾದ ಉಂಗುರದ ಪಕ್ಕ ಬೆರಳಿಟ್ಟರು. ಅಲ್ಲಿ ಅಗಲ ಬರೆದಿತ್ತು.

"ಲೋಟ ಇಟ್ಟಾಗಲೇ."

"ಅಂದ್ರೆ ಕಾಂಕ್ರೀಟು ಬೀಳೋಕೆ ಮುಂಚೆ?"

"ಒಂದು ವರ್ಷ ಮುಂಚೆ."

"ಅಪ್ಪಾ!" ಮಗಳು ಎದ್ದು ನಿಂತಳು. "ಒಂದು ಮಾತು ಹೇಳಬಾರದಿತ್ತಾ?"

"ಕೇಳ್ತಾಳೇನೋ ಅಂತ ಕಾಯ್ತಾ ಇದ್ದೆ," ಅಂದರು ನಮ್ಮವರು. ಜಗಳದ ಧ್ವನಿಯಲ್ಲ ಅದು. "ಇಷ್ಟು ವರ್ಷ ಆ ಸೇತುವೆ ಗುಡಿಸಿದೀನಿ. ಯಾವ ಮೂಲೇಲಿ ಗಾಜು ಸೇರುತ್ತೆ, ಯಾವ ಕಡೆಯಿಂದ ಗಾಳಿ ಬರುತ್ತೆ, ಎಲ್ಲ ಗೊತ್ತು. ಮನೇಲೇ ಇದ್ದೆ. ದಿನಾ ಬೆಳಿಗ್ಗೆ ಅದೇ ನಕ್ಷೆ ಮುಂದೆ ಚಹಾ ಕುಡೀತಾ ಇದ್ದೆ. ಒಂದಿನಾನೂ ಕೇಳ್ಲಿಲ್ಲ."

"ಹೇಗೆ ಕೇಳೋದು? ಪಾತ್ರೆ ತೊಳೀಬೇಕಿತ್ತು," ಅಂದಳು ಮಗಳು.

ಇಬ್ಬರೂ ನನ್ನ ಕಡೆ ನೋಡಿದರು. ಎರಡು ವರ್ಷದಲ್ಲಿ ಅವರಿಬ್ಬರು ಒಮ್ಮತಕ್ಕೆ ಬಂದದ್ದು ಅದೇ ಮೊದಲು, ಅದೂ ನನ್ನ ವಿರುದ್ಧ. ಮೈ ಉರಿದುಹೋಯಿತು. ಎದ್ದು ಹೋಗಿ ಪಾತ್ರೆ ತೊಳೆದೆ. ಅವತ್ತು ಎರಡು ತಟ್ಟೆ ಒಡೆದವು, ಅದು ಸಾಬೂನಿನ ತಪ್ಪು.

ಮಾರನೆಯ ದಿನ ನಮ್ಮವರು ಡಿಪೋದ ಮೇಲ್ವಿಚಾರಕರ ಹತ್ತಿರ ಹೋಗಿ, ಚಿಕ್ಕಪ್ಪನನ್ನು ನನಗೆ ಕೊಡಿ ಎಂದು ಕೇಳಿದರು. ಮೇಲ್ವಿಚಾರಕರ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ತೂಗುತ್ತದೆ. ಹಾಜರಿಗೂ ಊದುತ್ತಾರೆ, ಚಹಾಕ್ಕೂ ಊದುತ್ತಾರೆ. ಹಾಗಾಗಿ ಅವರ ಬೆನ್ನ ಹಿಂದೆ ಎಲ್ಲರಿಗೂ ಅವರು ಪೀಪಿ.

"ತಮಾಷೆ ಮಾಡ್ತಾ ಇದೀರಾ?" ಅಂದರಂತೆ ಪೀಪಿ. "ಶಿಕ್ಷೆ ಆದವರಿಗೆ ಮಾತ್ರ ಅದು. ಒಪ್ಪಂದ ಇದೆ. ಬರೆದಿದ್ದು ನೀವೇ, ಕೆಳಗಡೆ ನಿಮ್ಮದೇ ಸಹಿ. ಬದಲಾಯಿಸ್ಬೇಕು ಅಂದ್ರೆ ಮುಂದಿನ ವರ್ಷದ ಸಭೇಲಿ ಇಡೋಣ."

ಮುಂದಿನ ವರ್ಷಕ್ಕೆ ಕಟ್ಟೆಯೂ ಇರುವುದಿಲ್ಲ, ದಾರಿಯೂ ಇರುವುದಿಲ್ಲ. ಉಳಿದದ್ದು ಒಂದೇ ಉಪಾಯ. ಶಿಕ್ಷೆ ಆಗಬೇಕು. ಶಿಕ್ಷೆ ಆಗಬೇಕಾದರೆ ತಪ್ಪು ಮಾಡಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ಡಿಪೋದ ಬಾಗಿಲ ಪಕ್ಕ ಒಂದು ಮರದ ಹಲಗೆ ಇದೆ. ಇಪ್ಪತ್ತೈದು ವರ್ಷ ಒಂದೇ ಒಂದು ಕಪ್ಪು ಗುರುತಿಲ್ಲದೆ ಕೆಲಸ ಮಾಡಿದವರ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಈವರೆಗೆ ಎರಡೇ ಹೆಸರು. ಒಬ್ಬರು ಸತ್ತಿದ್ದಾರೆ, ಇನ್ನೊಬ್ಬರು ಪೀಪಿ. ನಮ್ಮವರ ಇಪ್ಪತ್ತೈದಕ್ಕೆ ಏಳು ತಿಂಗಳು ಬಾಕಿ ಇತ್ತು. ಮೂರನೆಯ ಸಾಲಿನಲ್ಲಿ ತಮ್ಮ ಹೆಸರು ಹಿಡಿಸುತ್ತದೋ ಇಲ್ಲವೋ ಎಂದು ಒಮ್ಮೆ ನನ್ನ ಟೇಪು ಕದ್ದು ಅಳೆದು ಬಂದಿದ್ದರು. ಆ ದಿನಕ್ಕೆಂದು ನಾನು ಕಡುನೀಲಿ ಕೋಟು ಹೊಲಿದಿದ್ದೆ. ಒಳಗೆ ಒಳ್ಳೆಯ ಅಸ್ತರು, ಗುಂಡಿಗಳಿಗೆ ಕೈಯಲ್ಲೇ ಹಾಕಿದ ಕಾಜ. ಅಂಗಡಿಯ ಹಿಂದಿನ ಗೂಟಕ್ಕೆ ಬಿಳಿ ಬಟ್ಟೆ ಮುಚ್ಚಿ ತೂಗುಹಾಕಿದ್ದೆ.

"ಬೇಡ ರೀ, ಬೇರೆ ಏನಾದ್ರೂ ನೋಡೋಣ," ಅಂದೆ.

"ನಾನೇನೂ ಮಾಡಲ್ಲ. ಸುಮ್ನೆ ಸ್ವಲ್ಪ ಲೇಟಾಗಿ ಹೋಗ್ತೀನಿ," ಅಂದರು.

ಹೋಗಲು ಆಗಬೇಕಲ್ಲ. ಮೊದಲ ದಿನ ಬೀದಿಯ ಮೂಲೆಯಲ್ಲಿ ನಿಂತು ನಿಂತು, ಕಾಲು ಕೇಳದೆ ಹತ್ತು ನಿಮಿಷ ಮುಂಚೆಯೇ ತಲುಪಿದರು. ಎರಡನೆಯ ದಿನ ನಾನೇ ಬಾಗಿಲಿಗೆ ಬೀಗ ಹಾಕಿ ಅರ್ಧ ಗಂಟೆ ಕೂರಿಸಿದೆ. ಮುಳ್ಳಿನ ಮೇಲೆ ಕೂತವರಂತೆ ಒದ್ದಾಡಿದರು. ಡಿಪೋಗೆ ಹೋದರೆ ಪೀಪಿ ಗೋಡೆಯ ಗಡಿಯಾರ ಇಳಿಸಿ, "ಇದೇ ಮುಂದೆ ಓಡ್ತಾ ಇದೆ" ಎಂದು ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದರು. ಅವತ್ತು ಇಡೀ ಡಿಪೋ ಮನೆಗೆ ಹೊರಟದ್ದು ಅರ್ಧ ಗಂಟೆ ತಡವಾಗಿ.

ಮೂರನೆಯ ದಿನ ಪೀಪಿಗೆ ಎದುರುತ್ತರ ಕೊಡುವುದೆಂದು ತೀರ್ಮಾನವಾಯಿತು. ಬೈಗುಳವನ್ನು ನಾನೇ ಬರೆದುಕೊಟ್ಟೆ. ಆ ವಿಷಯದಲ್ಲಿ ನನಗೆ ಸ್ವಲ್ಪ ಹೆಸರಿದೆ. ನಮ್ಮವರು ಎದುರು ನಿಂತು, ಚೀಟಿ ನೋಡಿಕೊಂಡು, "ನೀವು ಮೇಲ್ವಿಚಾರಕರಲ್ಲ, ಬರೀ ಊದುಗೊಳವೆ," ಅಂದರಂತೆ. ಪೀಪಿ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ, ಆದರೂ ಮನೆಗೆ ಹೋಗಿ ಮಲಗಿ ಎಂದು ಕಳಿಸಿದರು. ಸಂಜೆ ಒಂದು ಬುಟ್ಟಿ ಹಣ್ಣು ಹಿಡಿದು ನೋಡಲೂ ಬಂದರು. ಒಳ್ಳೆಯ ಹಣ್ಣು, ನಾವು ಮೂವರೂ ನಾಚಿಕೆಯಿಂದಲೇ ತಿಂದೆವು.

ನಲವತ್ತೆರಡನೆಯ ದಿನ ಬೆಳಿಗ್ಗೆ ನಮ್ಮವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಾಗಲೇ ನನಗೆ ಅನುಮಾನ ಬರಬೇಕಿತ್ತು. ಅಂಗಡಿ ಬಾಗಿಲು ತೆಗೆಯುತ್ತಿದ್ದೆ, ಪಂಕ್ಚರಿನವನು ಓಡಿಬಂದ.

"ಅಕ್ಕಾ! ನಿಮ್ಮನೆಯವರು ಸಿಕ್ಕಾಕೊಂಡಿದಾರೆ!"

ಸೈಕಲ್ ದಾರಿಯ ಬಾಯಿ ಅಗಲ, ಹತ್ತಾರು ಮಾರು ಹೋದಮೇಲೆ ಕಿರಿದಾಗುತ್ತದೆ. ಆ ಕಿರಿದಾಗುವ ಜಾಗದಲ್ಲಿ, ಒಂದು ಕಡೆ ಕಾಂಕ್ರೀಟ್ ಕಟ್ಟೆ, ಇನ್ನೊಂದು ಕಡೆ ನದಿಯ ಕಂಬಿ, ನಡುವೆ ದೊಡ್ಡಪ್ಪ. ಚಿಕ್ಕ ಕೊರಳಿನ ಸ್ವೆಟರಿನಲ್ಲಿ ತಲೆ ಸಿಕ್ಕಿಕೊಂಡ ಹಾಗೆ. ಹಿಂದೆ ಐವತ್ತು ಅರವತ್ತು ಸೈಕಲ್ಲು. ಗಂಟೆಗಳ ಸದ್ದಿಗೆ ಕಿವಿ ತೂತಾಗುವಂತಿತ್ತು. ನಾಯಿಯ ಮುದುಕಿ ಇಳಿದುಬಂದು ದೊಡ್ಡಪ್ಪನ ಬಾಗಿಲಿಗೆ ಕೊಡೆಯಿಂದ ಬಾರಿಸುತ್ತಿದ್ದಳು. ಒಳಗೆ ನಮ್ಮವರು ಎರಡೂ ಕೈಯನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು.

ಅಷ್ಟರಲ್ಲಿ ಮಗಳು ಬಂದಳು. ದಾರಿಗೆ ಏನೇ ಆದರೂ ಮೊದಲು ಫೋನು ಹೋಗುವುದು ಅವಳಿಗೆ. ಸೈಕಲ್ಲನ್ನು ಕಂಬಿಗೆ ಒರಗಿಸಿ, ಜನರ ನಡುವೆ ನುಸುಳಿ, ಕಿಟಕಿಯ ಕೆಳಗೆ ಬಂದು ತಲೆಯೆತ್ತಿದಳು.

"ಅಪ್ಪಾ, ಇದೇನಪ್ಪಾ ಇದು?"

"ಅಳತೆ ತೋರಿಸ್ತಾ ಇದೀನಿ."

"ಬೇಕು ಅಂತಾನೇ ಮಾಡಿದ್ಯಾ?"

"ಇಪ್ಪತ್ನಾಲ್ಕು ವರ್ಷ ಐದು ತಿಂಗಳಲ್ಲಿ ನಾನು ಹೋಗಬಾರದ ಕಡೆಗೆ ಗಾಡಿ ಒಯ್ದಿದ್ದು ನೋಡಿದೀಯಾ? ಗೀರು ಬಿದ್ದಿದೆಯಾ ನೋಡು."

ಅವಳು ಬಗ್ಗಿ ಎರಡೂ ಕಡೆ ನೋಡಿದಳು. ಕಟ್ಟೆಗೆ ಗೀರಿಲ್ಲ, ಕಂಬಿಗೆ ಗೀರಿಲ್ಲ. ಎರಡೂ ಬದಿಯ ರಬ್ಬರ್ ಪಟ್ಟಿ ಮಾತ್ರ ಮೆಲ್ಲಗೆ ತಾಗಿ ನಿಂತಿತ್ತು. ಅವಳಿಗೆ ಆಗ ಅರ್ಥವಾಯಿತು.

"ಅಪ್ಪಾ, ಹಲಗೆ... ಇನ್ನ ಏಳೇ ತಿಂಗಳು..."

"ಅದಿರ್ಲಿ. ಏನಾಯ್ತು ಅಂತ ವರದಿ ಬರೀಬೇಕಾದೋಳು ನೀನೇ ತಾನೇ? ಪೆನ್ನು ತೆಗಿ. ಪೀಪಿ ನನ್ನ ಮೇಲೆ ಬರಿಯಲ್ಲ, ನೀನು ಬರೆದ್ರೆ ಅವರು ತಳ್ಳಿಹಾಕೋಕಾಗಲ್ಲ."

ಅವಳು ಬರೆಯಲು ಶುರುಮಾಡಿದಳು. ಕಣ್ಣೀರು ಕಾಗದದ ಮೇಲೆ ಬೀಳುತ್ತಿತ್ತು. ಮೇಲಿನಿಂದ ಅಪ್ಪ ಹೇಳಿಕೊಡುತ್ತಿದ್ದರು. "ಸಮಯ ಏಳೂವರೆ ಅಂತ ಹಾಕು. ಚಾಲಕನ ತಪ್ಪು ಅಂತ ಹಾಕು. 'ಸಂಪೂರ್ಣ' ತಪ್ಪು ಅಂತ ಹಾಕು. ಗೀರು ಬಿದ್ದಿಲ್ಲ ಅನ್ನೋದನ್ನೂ ಮರೀಬೇಡ." ನಾನು ಕಟ್ಟೆಯ ಆಚೆ ನಿಂತು ಅಳುತ್ತಿದ್ದೆ. ನನ್ನನ್ನು ನೋಡಿ ಪಂಕ್ಚರಿನವನೂ ಅತ್ತ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಕಾಗದಕ್ಕೆ ಸಹಿ ಬಿದ್ದ ಮೇಲೆ ಸೈಕಲ್ಲಿನವರು ಹಿಂದೆ ಸರಿದು ಜಾಗ ಬಿಟ್ಟರು, ನಮ್ಮವರು ಕನ್ನಡಿ ನೋಡಿಕೊಂಡು, ದೊಡ್ಡಪ್ಪನನ್ನು ಒಂದೇ ಏಟಿಗೆ ಹಿಂದಕ್ಕೆ ತೆಗೆದರು. ಮುದುಕಿ ಕೊಡೆಯಿಂದ ಕೊನೆಯದೊಂದು ಬಾರಿಸಿ ಸೈಕಲ್ ಹತ್ತಿದಳು.

ವರದಿ ಓದುವಾಗ ಪೀಪಿ ಮೂರು ಸಲ ಕನ್ನಡಕ ಒರೆಸಿಕೊಂಡರಂತೆ. ಶಿಕ್ಷೆ ಸಾರುವ ಮುಂಚೆ ಸೀಟಿ ಊದುವುದು ಅಲ್ಲಿನ ಪದ್ಧತಿ. ಮೊದಲ ಸಲ ಊದಿದಾಗ ಬರೀ ಗಾಳಿ ಬಂತಂತೆ. ಎರಡನೆಯ ಸಲಕ್ಕೆ ಸದ್ದು ಹೊರಟಿತು. ಎರಡು ತಿಂಗಳು ಚಿಕ್ಕಪ್ಪ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಡಿಪೋದಿಂದ ಹೊರಬಿದ್ದ. ಮುಕ್ಕಾಲು ಟೇಪು ಅಗಲ. ನಮ್ಮವರದು ಆರಡಿ ಶರೀರ, ಮಂಡಿಯ ನಡುವೆ ಮುಖ ಇಟ್ಟುಕೊಂಡು ಕೂತಿದ್ದರು. ಗೇಟಿನಲ್ಲಿ ಸಾಲಾಗಿ ನಿಂತ ಚಾಲಕರು ನಗಲು ಬಾಯಿ ತೆರೆದವರು, ಇವರ ಮುಖ ನೋಡಿ ಹಾಗೇ ಮುಚ್ಚಿಕೊಂಡರು. ಮನುಷ್ಯ ಮೆರವಣಿಗೆ ಹೊರಟಂತೆ ಹೊರಟಿದ್ದ.

ಮೂರು ದಿನದಲ್ಲಿ ಹಸಿರು ನೆಲ ಮತ್ತೆ ಕಂಡಿತು. ಹತ್ತು ದಿನದಲ್ಲಿ ದೂರುಗಳು ನಿಂತವು. ಪಂಕ್ಚರಿನವನು ಮುಖ ಊದಿಸಿಕೊಂಡು ಬಂದು ನನ್ನ ಗಂಟೆ ವಾಪಸ್ ಕೇಳಿದ. ನಾನು ಕೊಡಲಿಲ್ಲ. ನಮ್ಮವರಿಗೆ ಒಂದು ಹೊಸ ಚಟ ಹತ್ತಿತು. ದೊಡ್ಡಪ್ಪನಲ್ಲಿ ಕೂತರೆ ಜನರ ತಲೆ ಮಾತ್ರ ಕಾಣುತ್ತಿತ್ತು, ಚಿಕ್ಕಪ್ಪನಲ್ಲಿ ಮುಖಕ್ಕೆ ಮುಖ. ಹೋಗುವವರನ್ನೆಲ್ಲ ನಿಲ್ಲಿಸಿ, ನಿಮ್ಮ ಸೀಟು ತಗ್ಗಾಯಿತು, ನಿಮ್ಮ ಬ್ರೇಕು ಕಿರುಗುಟ್ಟುತ್ತಿದೆ ಎಂದು ಬುದ್ಧಿ ಹೇಳತೊಡಗಿದರು. ನಾಯಿಯ ಮುದುಕಿಯ ಜೊತೆ ಈಗ ಭಾರೀ ಸ್ನೇಹ. ಸಂಜೆ ಮನೆಗೆ ಬಂದು, ಇಂಥ ಕಡೆ ನೀರು ನಿಲ್ಲುತ್ತದೆ, ಇಂಥ ಕಡೆ ಕಟ್ಟೆಗೆ ಒಂದು ಸಂದು ಬೇಕು ಎಂದು ಮಗಳಿಗೆ ನೇರವಾಗಿ ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ಉಪ್ಪನ್ನೂ ನೇರವಾಗಿಯೇ ಕೇಳುತ್ತಿದ್ದರು. ನನ್ನ ಅಂಚೆ ಕಚೇರಿ ಮುಚ್ಚಿತು.

ತೊಂಬತ್ತನೆಯ ದಿನ ಇಲಾಖೆಯ ದೊಡ್ಡವರು ಆರು ಜನ ಬಂದು ಸೇತುವೆಯ ಉದ್ದಕ್ಕೂ ನಡೆದರು. ಒಬ್ಬರು ಬಿಳಿ ಕರವಸ್ತ್ರದಿಂದ ನೆಲ ಒರೆಸಿ ನೋಡಿದರು. ಅವರಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ಚಿಕ್ಕಪ್ಪ ಗುಡಿಸುತ್ತ ಹೋಗುತ್ತಿದ್ದ, ಕರವಸ್ತ್ರಕ್ಕೆ ಹತ್ತಿದ್ದು ಬರೀ ನೀರು. ಸೈಕಲ್ ದಾರಿ ಉಳಿಯಿತು.

ನಾವು ಸಂಭ್ರಮಪಟ್ಟದ್ದು ಹನ್ನೆರಡೇ ದಿನ. ಶಿಕ್ಷೆಯ ಅವಧಿ ಮುಗಿಯುತ್ತ ಬಂತು. ಪೀಪಿ ಸ್ವತಃ ಮನೆಗೆ ಬಂದು, "ನಾಳೆಯಿಂದ ದೊಡ್ಡಪ್ಪ ನಿಮ್ಮದೇ. ಆಗಿದ್ದು ಆಗಿಹೋಯ್ತು," ಎಂದು ನಮ್ಮವರ ಕೈ ಹಿಡಿದುಕೊಂಡರು. ಅವರು ಹೋದಮೇಲೆ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಒಪ್ಪಂದದ ಸಭೆ ಮುಂದಿನ ವರ್ಷ. ಅಲ್ಲಿಯವರೆಗೆ ಚಿಕ್ಕಪ್ಪ ಮತ್ತೆ ಮೂಲೆಗೆ, ಗಾಜು ಮತ್ತೆ ದಾರಿಗೆ.

"ಈ ಸಲ ಏನ್ ಮಾಡ್ಲಿ?" ಅಂದರು ನಮ್ಮವರು. ಮಾರುಕಟ್ಟೆಯಿಂದ ಏನು ತರಲಿ ಎಂದು ಕೇಳುವ ಧ್ವನಿಯಲ್ಲಿ.

ಮಗಳು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಇಲಾಖೆಯ ಮೊಹರಿನ ಕಾಗದ. ನಮ್ಮವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. "ಸದರಿ ಚಾಲಕರು ಕೆಲಸದ ವೇಳೆಯಲ್ಲಿ ಸೈಕಲ್ ಸವಾರರನ್ನು ಅಡ್ಡಗಟ್ಟಿ, ಕೇಳದಿದ್ದರೂ ಬುದ್ಧಿವಾದ ಹೇಳುತ್ತಾರೆ. ಒಬ್ಬ ವೃದ್ಧೆಯ ನಾಯಿಗೆ ಪ್ರತಿದಿನ ಬಿಸ್ಕತ್ತು ಹಾಕುತ್ತ ಹನ್ನೆರಡು ನಿಮಿಷ ಕಳೆಯುತ್ತಾರೆ. ಇವರ ಮೇಲೆ ಕಠಿಣ ಕ್ರಮ ಜರುಗಿಸಬೇಕು."

"ಸುಳ್ಳು ಒಂದಕ್ಷರ ಇಲ್ಲ," ಅಂದಳು ಮಗಳು. "ನಾನೇ ಗಡಿಯಾರ ಹಿಡ್ಕೊಂಡು ನಿಂತು ನೋಡಿದೀನಿ."

ನಮ್ಮವರು ಇನ್ನೊಮ್ಮೆ ಓದಿದರು. ತುಟಿಯ ಮೂಲೆ ಅದುರುತ್ತಿತ್ತು. "ಇಷ್ಟಕ್ಕೆಲ್ಲ ಎರಡು ತಿಂಗಳು ಕೊಡಲ್ಲ ಪುಟ್ಟಾ. 'ಉದ್ಧಟ' ಅಂತ ಒಂದು ಪದ ಸೇರಿಸು. ಮತ್ತೆ ಹನ್ನೆರಡಲ್ಲ, ಹದಿನೈದು ನಿಮಿಷ. ಅಳತೆ ಸರಿಯಾಗಿ ಹಾಕು."

ಅವಳು ತಿದ್ದಿದಳು. ನಾನು ಎದ್ದು ಅಂಗಡಿಗೆ ಹೋಗಿ ಬಿಳಿ ಬಟ್ಟೆ ಸರಿಸಿ ಕಡುನೀಲಿ ಕೋಟು ತಂದೆ. ಹಲಗೆಯ ಮೂರನೆಯ ಸಾಲಿನಲ್ಲಿ ಇನ್ನು ಇವರ ಹೆಸರು ಬರುವುದಿಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಹಾಗೆಂದು ಅಷ್ಟು ಚೆನ್ನಾಗಿ ಹೊಲಿದ ಕೋಟನ್ನು ನುಸಿಗೆ ಕೊಡಲೇ?

"ಇದನ್ನ ಹಾಕ್ಕೊಂಡು ಹೋಗಿ," ಅಂದೆ.

ಅವರು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಭುಜ ಕೂತಿತ್ತು, ಬೆನ್ನು ಕೂತಿತ್ತು, ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಮಗಳು ದೂರಿನ ಕಾಗದವನ್ನು ಮಡಿಸಿ ಅಪ್ಪನ ಎದೆಯ ಜೇಬಿಗೆ ಇಟ್ಟಳು, ಇಟ್ಟ ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಬಿಟ್ಟಳು. ಶಿಕ್ಷೆ ಬೇಡಿ ತರಲು ಹೊಸ ಕೋಟು ತೊಟ್ಟು ಹೋದ ಮನುಷ್ಯನನ್ನು ಆ ಡಿಪೋ ಅದಕ್ಕೆ ಮುಂಚೆ ನೋಡಿರಲಿಕ್ಕಿಲ್ಲ.

ಒಂದು ಗಂಟೆಯ ನಂತರ ಮೆಟ್ಟಿಲ ಕೆಳಗಿನಿಂದಲೇ ಕೂಗಿದರು. "ಎರಡಲ್ಲ ಕಣ್ರೇ, ನಾಲ್ಕು ತಿಂಗಳು!"

ಮಗಳು ಕುರ್ಚಿ ಬೀಳಿಸಿಕೊಂಡು ಓಡಿದಳು. ನಾನು ಸೈಕಲ್ ಗಂಟೆ ಹುಡುಕಿ ತಂದು ಕಿಟಕಿಯಲ್ಲಿ ಬಾರಿಸಿದೆ. ಆ ಸಂಜೆ ನಮ್ಮ ಮೇಜಿನ ಮೇಲೆ ಸೇತುವೆ ಬಿಟ್ಟು ಬೇರೆ ಮಾತೇ ಇರಲಿಲ್ಲ. ಕಾನೂನಿನ ಪ್ರಕಾರ ಮೂವರೂ ಅಪರಾಧಿಗಳು. ನಾನು ತೊಳೆದೆ, ಮಗಳು ಒರೆಸಿದಳು, ನಮ್ಮವರು ಕೋಟು ಬಿಚ್ಚದೆಯೇ ತಟ್ಟೆಗಳನ್ನು ಜೋಡಿಸಿಟ್ಟರು.